ಚೆಂಡುಹೂವು ಬಂದ ದಾರಿ

ಚೆಂಡುಹೂವಿನ ತವರು ಮೆಕ್ಸಿಕೋ. ಆಯುಧಪೂಜೆಗೆ ಲಾರಿ, ಬಸ್ಸು, ಹೊಲಿಗೆ ಯಂತ್ರಗಳನ್ನೆಲ್ಲ ಏರುವ, ಬಲಿಪಾಡ್ಯಮಿಗೆ ಸಗಣಿಯ ಪಾಂಡವರ ನೆತ್ತಿಗೆ ಸಿಕ್ಕಿಸುವ, ಕರಾವಳಿಯವರು ಗೊಂಡೆ ಎನ್ನುವ ಈ ಹೂವು ಆರುನೂರು ವರ್ಷಗಳ ಹಿಂದೆ ಕನ್ನಡನಾಡಿನ ಯಾವ ಹಿತ್ತಿಲಲ್ಲೂ ಇರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಗುಲಾಬಿ ಮಾರಾಟ ಕಂಡು ಬರೆದಿಟ್ಟಿದ್ದಾನೆ. ಚೆಂಡುಹೂವನ್ನು ಕಾಣುವ ಅವಕಾಶವೇ ಅವನಿಗಿರಲಿಲ್ಲ.

ಮೆಕ್ಸಿಕೋದ ಅಜ್ಟೆಕ್ ಜನರಿಗೆ ಇದು ಪೂಜೆಗೂ ಬೇಕಿತ್ತು, ಮದ್ದಿಗೂ ಬೇಕಿತ್ತು. 1552ರಲ್ಲಿ ಅಲ್ಲಿನ ಮೂಲನಿವಾಸಿ ವೈದ್ಯ ಮಾರ್ಟಿನ್ ದೆ ಲಾ ಕ್ರೂಸ್ ರಚಿಸಿದ ಗಿಡಮೂಲಿಕೆ ಗ್ರಂಥದಲ್ಲಿ ಬಿಕ್ಕಳಿಕೆಗೂ ಸಿಡಿಲು ಬಡಿದವರಿಗೂ ಇದರ ಉಪಯೋಗವನ್ನು ಹೇಳಿದೆ; ಹೊಳೆ ದಾಟುವವರಿಗೆ ಅಪಾಯವಾಗದಿರಲೆಂದು ಕೂಡ. ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದವರು ಇಂದಿಗೂ ಸತ್ತವರ ಹಬ್ಬ ಆಚರಿಸುತ್ತಾರೆ. ಹೂವಿನ ಎಸಳುಗಳನ್ನು ಮನೆಯವರೆಗೆ ದಾರಿಯುದ್ದಕ್ಕೂ ಚೆಲ್ಲುತ್ತಾರೆ. ಹಿರಿಯರ ಆತ್ಮಗಳು ಆ ಬಣ್ಣ, ಆ ಕಟುವಾಸನೆಯ ಜಾಡು ಹಿಡಿದು ಮನೆ ಸೇರುತ್ತವೆ ಎಂಬುದು ನಂಬಿಕೆ.

ಸ್ಪೇನಿನವರು ಅಜ್ಟೆಕ್ ರಾಜಧಾನಿಯನ್ನು ಗೆದ್ದದ್ದು 1521ರಲ್ಲಿ. 1542ರ ಹೊತ್ತಿಗೇ ಜರ್ಮನಿಯ ವೈದ್ಯ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಗಿಡ್ಡ ಚೆಂಡುಹೂವಿನ ಚಿತ್ರ ಅಚ್ಚು ಹಾಕಿಸಿದ್ದ. ಸಾಗರ ದಾಟಿದ ಗಿಡವೊಂದು ಇಪ್ಪತ್ತೇ ವರ್ಷಗಳಲ್ಲಿ ಪುಸ್ತಕಕ್ಕೇರಿದ್ದು ಆ ಕಾಲಕ್ಕೆ ಬಿರುಸಿನ ಓಟವೇ ಸರಿ. ಸ್ಪೇನಿನಿಂದ ಉತ್ತರ ಆಫ್ರಿಕಾ ತಲುಪಿ ಅಲ್ಲಿ ತಾನಾಗಿ ಹಬ್ಬಿದ ಎತ್ತರದ ಜಾತಿಯನ್ನು ಯುರೋಪಿನವರು ಆಫ್ರಿಕಾದ್ದೇ ಎಂದುಕೊಂಡರು. ಬೀಜದಂಗಡಿಯವರು ಈಗಲೂ ಎತ್ತರದ್ದನ್ನು ಆಫ್ರಿಕನ್, ಗಿಡ್ಡದ್ದನ್ನು ಫ್ರೆಂಚ್ ಎನ್ನುತ್ತಾರೆ. ಎರಡೂ ಮೆಕ್ಸಿಕೋ ಕಡೆಯವೇ.

ಭಾರತಕ್ಕೆ ಇದನ್ನು ತಂದವರು ಪೋರ್ಚುಗೀಸರು ಎಂಬುದು ಸಾಮಾನ್ಯ ಅಭಿಪ್ರಾಯ. ಮೆಣಸಿನಕಾಯಿ, ಗೋಡಂಬಿ, ಅನಾನಸ್ ಬಂದದ್ದೂ ಅದೇ ಹಡಗುದಾರಿಯಲ್ಲಿ. ಸಂಪಿಗೆ, ಸುರಗಿ, ಕೇದಿಗೆಗಳಿದ್ದ ನಾಡಿನಲ್ಲಿ ಪರಿಮಳವಿಲ್ಲದ ಹೂವಿಗೆ ಸ್ಥಾನ ಸಿಕ್ಕಿದ್ದು ಸೋಜಿಗವೆನಿಸಬಹುದು. ಮುಡಿಯುವವರು ಈಗಲೂ ಅಪರೂಪ. ಆದರೆ ಹಾರಕ್ಕೂ ತೋರಣಕ್ಕೂ ಇದಕ್ಕೆ ಸಮನಾದದ್ದಿಲ್ಲ: ಪೋಣಿಸಿದರೂ ಬೇಗ ಬಾಡದು, ಬೆಲೆ ಕಡಿಮೆ, ಬೀಜ ಪುಕ್ಕಟೆ. ಹಗಲು ಕಿರಿದಾಗುತ್ತ ಬಂದಂತೆ ಇದು ಹೆಚ್ಚು ಮೊಗ್ಗು ಬಿಡುತ್ತದೆ. ಹಾಗಾಗಿ ಅಲ್ಲಿ ಸತ್ತವರ ಹಬ್ಬಕ್ಕೆ ಅರಳಿದಂತೆ ಇಲ್ಲಿ ದಸರಾ, ದೀಪಾವಳಿಗೆ ಅರಳುತ್ತದೆ.

ಒಂದು ಹೂವು ಎಂದು ಕೀಳುವುದು ನಿಜವಾಗಿ ಒಂದು ಹೂಗೊಂಚಲು. ಬಿಡಿಸಿ ನೋಡಿದರೆ ಪ್ರತಿ ಎಸಳಿನ ಬುಡದಲ್ಲೂ ಕಡ್ಡಿಯಂಥ ಒಂದು ಕಾಯಿ ಇರುತ್ತದೆ; ಎಸಳೇ ಒಂದು ಹೆಣ್ಣುಹೂವು. ನಡುವಿನ ಪುಟ್ಟ ಕೊಳವೆಗಳಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿವೆ. ಒತ್ತೊತ್ತಾಗಿ ಎಸಳೇ ತುಂಬಿದ ದಪ್ಪ ಹೂವಿನಲ್ಲಿ ಕೊಳವೆಗಳು ಕಡಿಮೆ, ಪರಾಗವೂ ಕಡಿಮೆ; ಆದ್ದರಿಂದ ಅದರಲ್ಲಿ ಬೀಜ ಜೊಳ್ಳಾಗುವುದು ಹೆಚ್ಚು.

ಇಪ್ಪತ್ತನೆಯ ಶತಮಾನದಲ್ಲಿ ಚೆಂಡುಹೂವಿನ ಹುಚ್ಚು ಹಿಡಿಸಿಕೊಂಡವರು ಅಮೆರಿಕದ ಫಿಲಡೆಲ್ಫಿಯಾದ ಬೀಜ ವ್ಯಾಪಾರಿ ಡೇವಿಡ್ ಬರ್ಪಿ. ಅವರ ಕಂಪನಿಯ ಮುಖ್ಯ ಹೂವಾಗಿದ್ದ ಸ್ವೀಟ್ ಪೀ ಬೇರುರೋಗಕ್ಕೆ ತುತ್ತಾದಾಗ ಬರ್ಪಿ ಇದರತ್ತ ತಿರುಗಿದರು. ವಾಸನೆ ಗಿರಾಕಿಗಳಿಗೆ ಹಿಡಿಸದಿದ್ದುದರಿಂದ ಚೀನಾದಿಂದ ಪಾದ್ರಿಯೊಬ್ಬರು ಕಳಿಸಿದ ಬೀಜದ ನೆರವಿನಿಂದ ಎಲೆಗೆ ವಾಸನೆಯಿಲ್ಲದ ತಳಿಯೊಂದನ್ನು 1937ರಲ್ಲಿ ಹೊರತಂದರು. ಆಫ್ರಿಕನ್ನಿನ 24 ಕ್ರೋಮೋಸೋಮುಗಳಿಗೂ ಫ್ರೆಂಚಿನ 48ಕ್ಕೂ ಬೆರಕೆ ಮಾಡಿದಾಗ ಬೀಜ ಕಟ್ಟದ ಗಿಡ ಹುಟ್ಟಿತು. ಬೀಜ ಕಟ್ಟುವ ಖರ್ಚಿಲ್ಲದ ಗಿಡ ಹೂ ಬಿಡುತ್ತಲೇ ಇರುತ್ತದೆ. ಅಪ್ಪಟ ಬಿಳಿ ಚೆಂಡುಹೂವಿನ ಬೀಜ ತಂದವರಿಗೆ 10,000 ಡಾಲರ್ ಬಹುಮಾನವೆಂದು ಬರ್ಪಿ 1954ರಲ್ಲಿ ಸಾರಿದರು. 1975ರಲ್ಲಿ ಅದನ್ನು ಗೆದ್ದದ್ದು ವಿಜ್ಞಾನಿಯಲ್ಲ, ಅಯೋವಾ ರಾಜ್ಯದ ಸಲ್ಲಿ ಎಂಬ ಊರಿನ ಆಲಿಸ್ ವಾಂಕ್. ಪ್ರತಿ ವರ್ಷ ಅತಿ ಬಿಳಚಿದ ಹೂವಿನ ಬೀಜ ಎತ್ತಿಟ್ಟು ಬಿತ್ತುವುದೇ ಅವರ ಉಪಾಯ.

ಅಷ್ಟರಲ್ಲಿ ಬೇರಿನ ಗುಟ್ಟೂ ಹೊರಬಿದ್ದಿತ್ತು. ತರಕಾರಿಯ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುಗಳನ್ನು ಕೊಲ್ಲುವ ರಾಸಾಯನಿಕ ಈ ಗಿಡದ ಬೇರಿನಲ್ಲಿದೆ ಎಂದು ಡಚ್ ಸಂಶೋಧಕರು 1958ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶಿಫಾರಸು ಇನ್ನೊಂದು ಬಗೆಯದು: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು. ಕಾಯಿಕೊರಕದ ಪತಂಗ ಮೊಟ್ಟೆಯಿಡಲು ಹೂವಿನತ್ತ ಹೋಗುತ್ತದೆ, ಟೊಮೆಟೊ ಉಳಿಯುತ್ತದೆ. ಟೊಮೆಟೊ ಸಸಿ 25 ದಿನದ್ದಾದರೆ ಚೆಂಡುಹೂವಿನದು 40 ದಿನದ್ದಿರಬೇಕು, ಇಲ್ಲದಿದ್ದರೆ ಎರಡೂ ಒಟ್ಟಿಗೆ ಹೂ ಬಿಡವು.

ಗುಂಡ್ಲುಪೇಟೆಯ ಸುತ್ತ ಮಳೆಗಾಲದಲ್ಲಿ ಕಾಣುವ ಕಿತ್ತಳೆ ಹೊಲಗಳ ಬೆಳೆ ಬಹುಪಾಲು ಹಾರಕ್ಕಲ್ಲ, ಕಾರ್ಖಾನೆಗೆ. ಎಸಳಿನ ಲ್ಯೂಟಿನ್ ಎಂಬ ಬಣ್ಣ ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿ ಭಾಗಕ್ಕೆ ರಂಗು ಕೊಡುತ್ತದೆ. ಕಣ್ಣಿನ ಮಾತ್ರೆಗಳಿಗೂ ಹೋಗುತ್ತದೆ.

ಮನೆಯಲ್ಲಿ ಬೆಳೆಯುವುದಕ್ಕೆ ಹೆಚ್ಚಿನ ಉಪಚಾರ ಬೇಡ. ಗಿಡದಲ್ಲೇ ಒಣಗಿದ ಹೂವನ್ನು ಉದುರಿಸಿದರೆ ಒಣಹುಲ್ಲಿನಂಥ ಬಾಲವಿರುವ ಕಪ್ಪು ಬೀಜ ಸಿಗುತ್ತದೆ. ತೆಳುವಾಗಿ ಮಣ್ಣು ಮುಚ್ಚಿದರೆ ವಾರದೊಳಗೆ ಮೊಳಕೆ. ತಿಂಗಳು ಕಳೆದ ಮೇಲೆ ಕುಡಿ ಚಿವುಟಿದರೆ ಕವಲು ಒಡೆಯುತ್ತದೆ. ಪೂರ್ತಿ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು; ಗೊಬ್ಬರ ಅತಿಯಾದರೆ ಗಿಡ ಎಲೆಯಲ್ಲೇ ಮುಗಿಯುತ್ತದೆ. ಬೆರಕೆ ತಳಿಯಿಂದ ತೆಗೆದ ಬೀಜ ತಾಯಿಗಿಡದಂತೆ ಬರುವುದಿಲ್ಲವಾದ್ದರಿಂದ ಬೀಜ ಎತ್ತಿಡುವವರಿಗೆ ನಾಟಿ ತಳಿಯೇ ಲೇಸು. ದಸರಾಕ್ಕೆ ಹೂ ಬೇಕಾದರೆ ಜುಲೈ ಕೊನೆಯೊಳಗೆ ಬಿತ್ತಬೇಕು.