ಕರೆಂಟ್ ಕಾರಿನ ನಿಜವಾದ ಖರ್ಚು

ಹಳೇ ಕಾರಿನ ಎಂಜಿನ್ ಇಳಿಸಿ, ಮೋಟಾರು, ಬ್ಯಾಟರಿ ಕೂರಿಸಿ ಮನೆಯಲ್ಲೇ ಕರೆಂಟ್ ಕಾರು ಕಟ್ಟುವ ಉತ್ಸಾಹಿಗಳಿದ್ದಾರೆ. 'ಕಿಲೋಮೀಟರಿಗೆ ಒಂದೇ ರೂಪಾಯಿ' ಎಂಬುದು ಅವರ ಮಾತು. ಗಂಡಸಿಯಿಂದ ಅರಸೀಕೆರೆಗೆ ದಿನವೂ ಓಡಾಡುವವರಿಗೆ ಈ ಮಾತು ಎಷ್ಟು ಸರಿ? ಲೆಕ್ಕ ಹಾಕೋಣ.

ಅಳತೆಗೆ ನಮ್ಮದೇ ರೇವಾ ಇದೆ. ಚೇತನ್ ಮೈನಿಯವರ ತಂಡ 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ತಂದ ಪುಟ್ಟ ಕಾರು. ಅದರ ಸೀಟಿನಡಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್, 200 ಆಂಪಿಯರ್ ಅವರ್, ಗುಣಿಸಿ ಸಾವಿರದಿಂದ ಭಾಗಿಸಿದರೆ 9.6 ಯೂನಿಟ್. ಅದನ್ನು ತುಂಬಲು ಅಷ್ಟೇ ಕರೆಂಟ್ ಸಾಲದು. ಚಾರ್ಜರ್ ಬಿಸಿಯಾಗುತ್ತದೆ, ಕೊನೆಕೊನೆಗೆ ಬ್ಯಾಟರಿಯೊಳಗಿನ ನೀರು ಗುಳ್ಳೆಯೇಳುತ್ತದೆ; ಅದೆಲ್ಲ ಪೋಲಾದ ಕರೆಂಟೇ. ಮೀಟರಿನಲ್ಲಿ 12 ಯೂನಿಟ್ ಓಡಿತೆನ್ನಿ. ಹಿಂದೆ ಎರಡು ಚೀಲ ತೆಂಗಿನಕಾಯಿ ಹೇರಿಕೊಂಡು ಅಂಥ ಕಾರು 60 ಕಿಲೋಮೀಟರ್ ಹೋದರೆ, ಯೂನಿಟ್ಟಿಗೆ 6 ರೂಪಾಯಿಯಂತೆ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ.

ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಬ್ಯಾಟರಿ ಸವೆಯುವ ವಸ್ತು ಎಂಬುದನ್ನು ಮರೆಯುತ್ತಾರೆ. ಸೆಟ್ಟಿಗೆ 1 ಲಕ್ಷ ರೂಪಾಯಿ ಕೊಟ್ಟು, ಅದು 25,000 ಕಿಲೋಮೀಟರ್ ಬಾಳಿದರೆ, ಕಿಲೋಮೀಟರಿಗೆ 4 ರೂಪಾಯಿ ಅದರದೇ. ಒಟ್ಟು 5 ರೂಪಾಯಿ 20 ಪೈಸೆ. ಲೀಟರಿಗೆ 18 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನ ಇಂಧನದ ಖರ್ಚೂ ಹೆಚ್ಚುಕಡಿಮೆ ಇಷ್ಟೇ. ಡಿಸ್ಟಿಲ್ಡ್ ವಾಟರ್ ಹಾಕುವುದು ತಪ್ಪಿ ಪ್ಲೇಟು ಒಣಗಿದರೆ ಈ ಲೆಕ್ಕವೂ ಕೆಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೊದಲು ಕೊಡುವ ಹಣ ಹೆಚ್ಚು. ಆದರೆ ಅದು ಹಲವು ಪಟ್ಟು ಹೆಚ್ಚು ಸಲ ಚಾರ್ಜ್ ಆಗುವುದರಿಂದ, ದಿನವೂ ಓಡುವ ಕಾರಿಗೆ ಕೊನೆಯಲ್ಲಿ ಅದೇ ಅಗ್ಗ.

ಮನೆಗೆ 200 ಯೂನಿಟ್‌ವರೆಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆಯ ಲೆಕ್ಕವೂ ಉಂಟು. ದಿನಕ್ಕೆ 40 ಕಿಲೋಮೀಟರಿನಂತೆ 25 ದಿನ ಓಡಿಸಿದರೆ ಕಾರೊಂದೇ 200 ಯೂನಿಟ್ ಎಳೆಯುತ್ತದೆ. ಮನೆಯ ದೀಪ, ಮಿಕ್ಸಿ ಸೇರಿದರೆ ಮಿತಿ ದಾಟಿತು. ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗೆಂದು ತೋಟದ ಪಂಪ್‌ಸೆಟ್ ಲೈನಿಗೆ ಚಾರ್ಜರ್ ಸಿಕ್ಕಿಸಬೇಡಿ. ಅದು ನೀರಾವರಿಗೆಂದು ಕೊಟ್ಟ ಕರೆಂಟ್, ಕಾರಿಗೆ ಬಳಸುವುದು ಅಪರಾಧ. ಎಂಜಿನ್ ಬದಲಿಸಿದ ಗಾಡಿಯನ್ನು ಆರ್‌ಟಿಒ ಒಪ್ಪಿಗೆಯಿಲ್ಲದೆ ರಸ್ತೆಗಿಳಿಸುವಂತೆಯೂ ಇಲ್ಲ.

ಕಾರು ಕಟ್ಟುವವರು ಚಾರ್ಜರಿಗೆ ಬೇರೆಯೇ ಒಂದು ಸಬ್ ಮೀಟರ್ ಹಾಕಿಸಿ. ಯೂನಿಟ್, ಕಿಲೋಮೀಟರ್ ಎರಡನ್ನೂ ದಿನವೂ ಪುಸ್ತಕದಲ್ಲಿ ಬರೆದಿಡಿ. ಓಡಿದ ಪ್ರತಿ ಕಿಲೋಮೀಟರಿಗೆ ಬ್ಯಾಟರಿಯ ಪಾಲಿನ ಹಣವನ್ನು ಅಂದೇ ಎತ್ತಿಡಿ.