ಮೈಸೂರಿನ ಅರಸು, ಮಾಸ್ಕೋದ ವಿರಹಿ

(ವೈಟ್‌ಫೀಲ್ಡಿನಲ್ಲಿ ಕನ್ನಡ ಗೆಳೆಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಹೊತ್ತು ಮಕ್ಕಳು ಪಿಯಾನೋ ಕಲಿಯುವ ಸದ್ದು ಕೇಳುತ್ತದೆ. ಲಂಡನ್ನಿನ ಟ್ರಿನಿಟಿ ಪರೀಕ್ಷೆಗೆ ಕಟ್ಟಿದ್ದಾರೆ ಎಂದು ತಾಯಂದಿರು ಹೇಳುವುದುಂಟು. ಅದೇ ಟ್ರಿನಿಟಿ ಕಾಲೇಜು 1945ರಲ್ಲಿ ನಮ್ಮ ನಾಡಿನವರೊಬ್ಬರಿಗೆ ಗೌರವ ಫೆಲೋಶಿಪ್ ಕೊಟ್ಟಿತ್ತು. ಅವರು ಜಯಚಾಮರಾಜ ಒಡೆಯರು. ಪಿಯಾನೋ ವಾದಕರಾಗಬೇಕೆಂಬುದು ಅವರ ಹರೆಯದ ಆಸೆ. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಇಪ್ಪತ್ತೊಂದರ ಹುಡುಗನ ಹೆಗಲಿಗೆ ರಾಜ್ಯ ಬಿತ್ತು. ಆಸೆ ಅಲ್ಲಿಗೇ ನಿಂತಿತು.

ನಾನಿಂದು ಹೇಳಬೇಕೆಂದಿರುವುದು ಆ ಅರಸರು ಮನಸೋತ ಸಂಗೀತಗಾರನ ಕಥೆ. ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಹರೆಯದಲ್ಲಿ ಆನ್ನಾ ಬ್ರಾತೆನ್ಸ್ಕಾಯಾ ಎಂಬ ಪಿಟೀಲು ವಾದಕಿಯನ್ನು ಮೆಚ್ಚಿದ. 1902ರಲ್ಲಿ ಆಕೆಯ ಮದುವೆಯಾಯಿತು. ವರ ಬೇರೆ ಯಾರೂ ಅಲ್ಲ, ಇವನ ಸ್ವಂತ ಅಣ್ಣ ಎಮಿಲ್.

ನಮ್ಮ ಸಿನಿಮಾಗಳಾದರೆ ಇಲ್ಲಿ ಒಬ್ಬರು ಸಾಯುತ್ತಿದ್ದರು. ಇವರ ಮನೆಯಲ್ಲಿ ಹಾಗಾಗಲಿಲ್ಲ. ಆನ್ನಾಳ ಮನಸ್ಸೂ ನಿಕೊಲಾಯ್‌ನಲ್ಲೇ ಇದೆಯೆಂದು ಎಮಿಲ್‌ಗೆ ತಿಳಿಯಿತು. ಅವನು ಕೂಗಾಡಲಿಲ್ಲ, ಒಪ್ಪಿಕೊಂಡ. ಮೂವರೂ ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದರು. ಹಿರಿಯರ ಮನಸ್ಸು ನೋಯಬಾರದೆಂದು ಈ ಗುಟ್ಟನ್ನು ಕಾಪಾಡಿದರು. 1914ರಲ್ಲಿ ಯುದ್ಧ ಶುರುವಾದಾಗ ಎಮಿಲ್ ಜರ್ಮನಿಯಲ್ಲಿ ಸಿಕ್ಕಿಕೊಂಡ. ಮುಂದೆ ಸ್ವಿಟ್ಜರ್ಲೆಂಡಿಗೆ ಹೋಗಿ ಮನಶ್ಶಾಸ್ತ್ರಜ್ಞ ಯೂಂಗ್‌ನ ಬಳಗ ಸೇರಿದ. ನಿಕೊಲಾಯ್ ಮತ್ತು ಆನ್ನಾ ಮದುವೆಯಾದದ್ದು 1919ರಲ್ಲಿ, ತಾಯಿ ತೀರಿಹೋದ ಮೇಲೆ. ಹದಿನೇಳು ವರ್ಷದ ಕಾಯುವಿಕೆ! ಇದರಲ್ಲಿ ದೊಡ್ಡವನು ಯಾರು ಎಂದು ಕೇಳಿದರೆ ನಾನು ಎಮಿಲ್ ಕಡೆಗೇ ಬೆರಳು ತೋರಿಸುತ್ತೇನೆ. ಸಂಗೀತದ ಚರಿತ್ರೆ ಬರೆಯುವವರು ಮಾತ್ರ ಅವನನ್ನು ಎರಡು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಬಾಳಿನ ನೋವೇ ಸಂಗೀತದ ನೋವು ಎಂದು ಲೆಕ್ಕ ಹಾಕುವುದು ಸುಲಭ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಮುಖಾರಿ ಹಾಡಿದವರೆಲ್ಲ ಮನೆಯಲ್ಲಿ ಅತ್ತವರಲ್ಲ. ಆದರೂ ಒಂದು ಮಾತು ನಿಜ. ಆ ಕಾಯುವಿಕೆಯ ಮೊದಲ ವರ್ಷಗಳಲ್ಲೇ ಮೆಟ್ನರ್ ಗಯಟೆಯ ಕವನಗಳಿಗೆ ಒಂದರ ಹಿಂದೊಂದರಂತೆ ಸ್ವರ ಹಾಕಿದ. ರಷ್ಯಾ ಬಿಡುವ ಮುನ್ನ ಬರೆದ ಪಿಯಾನೋ ರಚನೆಗಳ ಗುಚ್ಛಕ್ಕೆ ‘ಮರೆತ ರಾಗಗಳು’ ಎಂದು ಹೆಸರಿಟ್ಟ. ಅದರ ಮೊದಲನೆಯದು ‘ನೆನಪಿನ ಸೊನಾಟಾ’. ಆರಂಭದ ಸಣ್ಣ ಎಳೆಯೊಂದು ನಡುವೆ ಮತ್ತೆ ಬರುತ್ತದೆ, ಕೊನೆಯಲ್ಲೂ ಬರುತ್ತದೆ. ಸ್ವರಗಳು ಅವೇ, ಆದರೆ ಅಷ್ಟರಲ್ಲಿ ಕೇಳುವ ನಾವು ಬದಲಾಗಿರುತ್ತೇವೆ. ನಮ್ಮಲ್ಲಿ ಪಲ್ಲವಿಗೆ ಮರಳಿದಾಗ ಮನೆಗೆ ಬಂದ ಸಮಾಧಾನವಿರುತ್ತದೆ. ಇಲ್ಲಿ ಮನೆಯೇ ಖಾಲಿಯಾಗಿರುವಂತೆ ಅನ್ನಿಸುತ್ತದೆ. ಗಟ್ಟಿಯಾದ ಅಳು ಎಲ್ಲಿಯೂ ಇಲ್ಲ.

1921ರಲ್ಲಿ ದಂಪತಿಗಳು ದೇಶ ಬಿಟ್ಟರು. ಬರ್ಲಿನ್, ಪ್ಯಾರಿಸ್, ಕಡೆಗೆ ಲಂಡನ್. ಹೊಸ ಸಂಗೀತ ಬೇರೆ ದಾರಿ ಹಿಡಿದಿತ್ತು. ಮೆಟ್ನರ್ ಹಳೆಯ ದಾರಿ ಬಿಡಲಿಲ್ಲ. ಗೆಳೆಯ ರಖ್ಮನಿನಾಫ್‌ನಷ್ಟು ಹೆಸರು ಬರಲಿಲ್ಲ. ಮಹಾಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತ. ಶಿಷ್ಯೆ ಎಡ್ನಾ ಐಲ್ಸ್ ಆಸರೆಯಾದರು. ಅಂಥ ದಿನಗಳಲ್ಲೇ ಮೂರನೆಯ ಪಿಯಾನೋ ಕನ್ಸರ್ಟೊ ಮುಗಿಯಿತು. ಲೆರ್ಮಂತೊವ್‌ನ ಕವನವೊಂದು ಅದಕ್ಕೆ ಪ್ರೇರಣೆ: ನದಿಯಾಳದಲ್ಲಿ ಮಲಗಿದ ವೀರನೊಬ್ಬ, ಅವನನ್ನು ಪ್ರೀತಿಸುವ ಜಲಕನ್ಯೆ. ಎಷ್ಟು ಮುದ್ದಿಸಿದರೂ ಅವನು ಓಗೊಡುವುದಿಲ್ಲ. ಕವಿ ಅಲ್ಲಿಗೇ ಬಿಟ್ಟ. ಮೆಟ್ನರ್ ಮಾತ್ರ ತನ್ನ ಸಂಗೀತದಲ್ಲಿ ಆ ವೀರನನ್ನು ಎಬ್ಬಿಸಿದ.

ಆ ಕೃತಿಯ ಮುಖಪುಟದಲ್ಲಿ ಕೃತಜ್ಞತೆಯ ಅರ್ಪಣೆಯಿದೆ: ಮೈಸೂರು ಮಹಾರಾಜರಿಗೆ. ಯುದ್ಧ ಮುಗಿದ ಮೇಲೆ ಒಡೆಯರು ಮೆಟ್ನರ್ ಸೊಸೈಟಿಗೆ ಹಣ ಕೊಟ್ಟರು. ಎಚ್.ಎಂ.ವಿ. ಕಂಪನಿ ಮೂರು ಸಂಪುಟ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. ಮೂರೂ ಕನ್ಸರ್ಟೊಗಳನ್ನು ಕಾಯಿಲೆಯ ಮನುಷ್ಯ ತಾನೇ ಕುಳಿತು ನುಡಿಸಿದ. 1950ರಲ್ಲಿ ಶ್ವಾರ್ಟ್ಸ್‌ಕಾಫ್ ಎಂಬ ಪ್ರಸಿದ್ಧ ಗಾಯಕಿಯ ಹಾಡಿಗೆ ಪಿಯಾನೋ ಸಾಥ್ ಕೊಟ್ಟ. ಅದೇ ವರ್ಷ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆಗಳು’ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದಕ್ಕೂ ಹಣದ ಭರವಸೆ ಮೈಸೂರಿನದೇ.

ಒಡೆಯರು ಮುಂದೆ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ‘ಶ್ರೀವಿದ್ಯಾ’ ಮುದ್ರೆಯ 94 ಕೃತಿಗಳನ್ನು ರಚಿಸಿದರು. ಅಠಾಣದ ಗಣಪತಿ ಕೃತಿಯನ್ನು ನೀವೂ ಕೇಳಿರುತ್ತೀರಿ. ಅವುಗಳಲ್ಲಿರುವುದು ದೇವಿಯ ಉಪಾಸನೆ. ಮನುಷ್ಯರ ವಿರಹಕ್ಕೆ ಅಲ್ಲಿ ಜಾಗವಿಲ್ಲ. ಪಿಯಾನೋ ಬಿಟ್ಟು ಸಿಂಹಾಸನವೇರಿದ ಆ ಯುವಕ ತನ್ನ ಆ ಪಾಲನ್ನು ಮೆಟ್ನರ್‌ನ ಬೆರಳುಗಳಿಗೆ ವಹಿಸಿಕೊಟ್ಟನೇನೋ ಎಂಬುದು ನನ್ನ ಊಹೆ.

ಮೆಟ್ನರ್ 1951ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಆನ್ನಾ 1958ರಲ್ಲಿ ಗಂಡನ ಹಸ್ತಪ್ರತಿಗಳನ್ನೆಲ್ಲ ಕಟ್ಟಿಕೊಂಡು ರಷ್ಯಾಕ್ಕೆ ಮರಳಿದಳು. ಅಲ್ಲಿ ಹನ್ನೆರಡು ಸಂಪುಟಗಳಲ್ಲಿ ಅವನ ಸಮಗ್ರ ಕೃತಿಗಳು ಅಚ್ಚಾದವು. ಅದನ್ನು ಕಣ್ಣಾರೆ ನೋಡಿ, 1965ರಲ್ಲಿ ಆಕೆ ಕಣ್ಣು ಮುಚ್ಚಿದಳು. ಮೈಸೂರಿನ ಹಣದಲ್ಲಿ ಮುದ್ರಣವಾದ ಆ ತಟ್ಟೆಗಳು ಈಗ ಸಿ.ಡಿ.ಗಳಾಗಿವೆ, ಮೊಬೈಲಿನಲ್ಲೂ ಸಿಗುತ್ತವೆ. ಸಿಲ್ಕ್ ಬೋರ್ಡಿನ ಟ್ರಾಫಿಕ್‌ನಲ್ಲಿ ನಿಂತಾಗ ಕೇಳಲು ಅಡ್ಡಿಯಿಲ್ಲ.