ಟಂಕಸಾಲೆಯ ತಪ್ಪೋ, ಅರದ ಕೈಚಳಕವೋ?



ಖಾನಾಪುರದ ರೈತನೊಬ್ಬ ಭತ್ತ ಮಾರಿದ ಹಣದೊಡನೆ ಬೆಳಗಾವಿಯ ಖಡೇಬಜಾರಿಗೆ ಬಂದಿದ್ದಾನೆನ್ನಿ. ಯಾರೋ ವಿಚಿತ್ರ ನಾಣ್ಯವೊಂದನ್ನು ತೋರಿಸಿ, "ಟಂಕಸಾಲೆಯಲ್ಲೇ ತಪ್ಪಿದ್ದು, ಸಾವಿರಗಟ್ಟಲೆ ಬೆಲೆ" ಎನ್ನುತ್ತಾರೆ. ಆತ ಗಂಟು ಬಿಚ್ಚಬೇಕೆ?

ಟಂಕಸಾಲೆಯಲ್ಲಿ ತಪ್ಪಾಗುವುದು ನಿಜ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಅಂಚು ಸೇರಿಬಿಟ್ಟರೆ ಬಿಲ್ಲೆಯ ಒಂದು ಮಗ್ಗುಲು ಕಚ್ಚಿದಂತಿರುತ್ತದೆ. ಅಂಥದರಲ್ಲಿ ಕೊರತೆಗೆ ನೇರ ಎದುರಿನ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಮನೆಯಲ್ಲಿ ಅರದಿಂದ ಉಜ್ಜಿದ ನಾಣ್ಯದಲ್ಲಾದರೋ ಎದುರಂಚು ಸ್ಪಷ್ಟವಾಗಿಯೇ ಉಳಿದಿರುತ್ತದೆ.

ಎರಡು ಕಡೆಗೂ ಒಂದೇ ಮುಖವುಳ್ಳ ನಾಣ್ಯ ಬಹುಮಟ್ಟಿಗೆ ಎರಡು ನಾಣ್ಯಗಳ ಜೋಡಣೆ. ಒಂದನ್ನು ಟೊಳ್ಳು ಮಾಡಿ, ಇನ್ನೊಂದನ್ನು ತೇದು ಅದರೊಳಗೆ ಕೂಡಿಸಿರುತ್ತಾರೆ. ಭೂತಗನ್ನಡಿ ಹಿಡಿದು ಅಂಚಿನ ಒಳಬದಿಯಲ್ಲಿ ಸಂದಿಯ ಗೆರೆ ಹುಡುಕಿರಿ. ಕಲ್ಲಿನ ಮೇಲೆ ಬೀಳಿಸಿದರೆ ನಾದ ಮಂಕಾಗಿರುವುದು. ತೂಕವನ್ನೂ ನೋಡಿರಿ: 1992ರಲ್ಲಿ ಬಂದ ಸ್ಟೇನ್‌ಲೆಸ್ ಉಕ್ಕಿನ ರೂಪಾಯಿ 4.85 ಗ್ರಾಂ. ಶಹಾಪುರದ ಸರಾಫರ ತಕ್ಕಡಿ ಕ್ಷಣದಲ್ಲಿ ವ್ಯತ್ಯಾಸ ಹೇಳೀತು.

ಇನ್ನು ಸೀತಾರಾಮರ ಚಿತ್ರವಿದ್ದು 'ಈಸ್ಟ್ ಇಂಡಿಯಾ ಕಂಪನಿ, 1818' ಎಂದು ಕೊರೆದ ಬಿಲ್ಲೆಗಳು. ಇವು ಟಂಕಸಾಲೆಯ ತಪ್ಪೂ ಅಲ್ಲ, ಕಂಪನಿಯ ನಾಣ್ಯವೂ ಅಲ್ಲ. ಅಂಥ ನಾಣ್ಯವನ್ನು ಕಂಪನಿ ಹೊಡೆಯಿಸಲೇ ಇಲ್ಲ. ದೇವರಮನೆಯಲ್ಲಿಟ್ಟು ಪೂಜಿಸಲು ಅಡ್ಡಿಯಿಲ್ಲ; ಹಳೆಯ ನಾಣ್ಯವೆಂದು ಬೆಲೆ ಕಟ್ಟಬೇಡಿರಿ.

ಚಿಲ್ಲರೆಯಲ್ಲಿ ತಾನಾಗಿ ಬಂದ ವಿಚಿತ್ರ ನಾಣ್ಯ ಹುಸಿಯಾದರೆ ಹೋಗುವುದು ಒಂದು ರೂಪಾಯಿ. ಭತ್ತದ ಹಣ ಕೊಟ್ಟು ಕೊಂಡದ್ದು ಹುಸಿಯಾದರೆ ಹೋಗುವುದು ಒಂದು ವರ್ಷದ ದುಡಿಮೆ. ಆದುದರಿಂದ ಮೊದಲು ಅಂಚು ನೋಡಿರಿ, ನಾದ ಕೇಳಿರಿ, ತೂಗಿಸಿರಿ. ಗಂಟು ಬಿಚ್ಚುವ ಮಾತು ಆಮೇಲೆ.